ಫಿಫ್ತ್ ವೀಲ್‌ಗೆ ಹಳೇ ಗ್ರೀಸ್ ಮೇಲೆ ಹೊಸದು ಬೇಡ
ಅಣ್ಣಾ, ಫಿಫ್ತ್ ವೀಲ್‌ಗೆ, ಅಂದರೆ ಲಾರಿಯ ಹಿಂದೆ ಟ್ರೈಲರ್ ಕೂರುವ ಪ್ಲೇಟಿಗೆ, ಹಳೇ ಗ್ರೀಸ್ ಮೇಲೆಯೇ ಹೊಸದು ಬಳಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಮ್ಮ ಚಿತ್ರದುರ್ಗದ ಧೂಳು ಗೊತ್ತಲ್ವಾ? ಅದು ಗ್ರೀಸಿಗೆ ಸೇರಿದರೆ ಉಪ್ಪುಕಾಗದದ ಹಾಗೆ ಪ್ಲೇಟು, ಅದಕ್ಕೆ ಸಿಕ್ಕಿಕೊಳ್ಳುವ ಟ್ರೈಲರ್ ಅಡಿಯ ಕಿಂಗ್‌ಪಿನ್ ಎರಡನ್ನೂ ತಿನ್ನುತ್ತದೆ. ಟ್ರೈಲರ್ ಬಿಚ್ಚಿದಾಗ ಕೆರೆದು, ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಭಾರದ ಒತ್ತಡ ತಾಳುವ ಲಿಥಿಯಂ ಇಪಿ-2 ಗ್ರೀಸ್ ಹಚ್ಚಿ. ಒಳಗೆ ಪಿನ್ ಹಿಡಿಯುವ ಲಾಕ್ ದವಡೆಗೂ ಹಚ್ಚಬೇಕು, ಜಾಸ್ತಿ ಜನ ಮರೆಯುವುದು ಅದನ್ನೇ. ನಾನೂ ಮರೆತು, ಲಾಕ್ ಬಿಡಿಸುವ ಹ್ಯಾಂಡಲ್ ಎಳೆದು ಎಳೆದು ಸುಸ್ತಾಗಿದ್ದೇನೆ. ತಿರುವಿನಲ್ಲಿ ಸ್ಟೇರಿಂಗ್ ಬಿಗಿ ಅನ್ನಿಸಿದರೆ ಪ್ಲೇಟ್ ಒಣಗಿರಬಹುದು.

ಹಾಗೇ ಪಿನ್ ಅಳೆಯಿರಿ. 2 ಇಂಚಿನದು ಹೊಸದರಲ್ಲಿ 50.8 ಮಿ.ಮೀ. ಇರುತ್ತದೆ, 49ಕ್ಕೆ ಇಳಿದರೆ ಬದಲಾಯಿಸಿ. ಜೋಡಿಸಿದ ಮೇಲೆ ಟಾರ್ಚ್ ಹಾಕಿ ಲಾಕ್ ಸರಿಯಾಗಿ ಬಿದ್ದಿದೆಯಾ ನೋಡಿ. ಟ್ರೈಲರ್ ಬ್ರೇಕ್ ಹಿಡಿದು ಒಮ್ಮೆ ಮುಂದಕ್ಕೆ ಮೆಲ್ಲಗೆ ಎಳೆದೇ ಹೈವೇಗೆ ಇಳಿಯಿರಿ.