‘ಆಗಿ’ ಮತ್ತು ‘ಹಾಗೆ’: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯರೇ,

ಹೋಲಿಕೆಯನ್ನು ಸೂಚಿಸುವ ಇಂಗ್ಲಿಷ್ ಪದಗಳನ್ನು ಕುರಿತು ತಾವು ಕಳುಹಿಸಿದ ಲೇಖನ ತಲುಪಿದೆ. ಭಾಷೆ ತಿಳಿಯಾಗಿದೆ, ಉದಾಹರಣೆಗಳು ಹೇರಳವಾಗಿವೆ, ಕಾಗುಣಿತದ ತಪ್ಪುಗಳು ಇಲ್ಲವೆನ್ನುವಷ್ಟು ಕಡಿಮೆ. ಮುಂದೆ ಇದನ್ನು ಹೇಳಲು ಅವಕಾಶ ಸಿಗಲಾರದೆಂದು ಮೊದಲೇ ಹೇಳಿಬಿಡುತ್ತಿದ್ದೇನೆ. ಲೇಖನವನ್ನು ನಾನು ಎರಡು ಬಾರಿ ಓದಿದೆ. ಎರಡನೆಯ ಓದಿಗೆ ಕಾರಣ, ಮೂರನೆಯ ಪುಟದ ಒಂದು ಮಾತು ಮುಳ್ಳಿನಂತೆ ಚುಚ್ಚಿಕೊಂಡು ಉಳಿದದ್ದು.

ತಾವು ಬರೆದಿದ್ದೀರಿ: ‘ಲೈಕ್, ಆಸ್, ಆಸ್ ಇಫ್ ಈ ಮೂರಕ್ಕೂ ಕನ್ನಡದಲ್ಲಿ ಹಾಗೆ ಅಥವಾ ಅಂತೆ ಎಂದರೆ ಸಾಕು. ವ್ಯತ್ಯಾಸವಿರುವುದು ವ್ಯಾಕರಣದಲ್ಲಿ, ಅರ್ಥದಲ್ಲಿ ಅಲ್ಲ.’ ಇದರ ಕೆಳಗಿನ ಮೊದಲ ಉದಾಹರಣೆಯನ್ನೇ ನೋಡೋಣ. ‘ಶಿ ಸ್ಪೋಕ್ ಆಸ್ ಎ ಡಾಕ್ಟರ್’ ಎಂಬುದನ್ನು ತಾವು ‘ಅವಳು ವೈದ್ಯೆಯ ಹಾಗೆ ಮಾತನಾಡಿದಳು’ ಎಂದು ಅನುವಾದಿಸಿದ್ದೀರಿ. ಕನ್ನಡ ಬಲ್ಲ ಯಾರೇ ಇದನ್ನು ಓದಿದರೂ ಆಕೆ ವೈದ್ಯೆಯಲ್ಲ, ಮಾತಿನ ಧಾಟಿ ಮಾತ್ರ ವೈದ್ಯರದು ಎಂದು ತಿಳಿಯುತ್ತಾರೆ. ಇಂಗ್ಲಿಷ್ ವಾಕ್ಯದಲ್ಲಿರುವ ಹೆಂಗಸಾದರೋ ವೈದ್ಯೆಯೇ. ಆ ಹೊಣೆಯಲ್ಲಿ ನಿಂತು ಮಾತನಾಡಿದವಳು. ಅದನ್ನು ಹೇಳಲು ನಮ್ಮಲ್ಲಿ ‘ಆಗಿ’ ಇದೆ: ‘ವೈದ್ಯೆಯಾಗಿ ಮಾತನಾಡಿದಳು.’ ‘ಲೈಕ್ ಎ ಡಾಕ್ಟರ್’ ಎಂದಿದ್ದರೆ ತಮ್ಮ ‘ಹಾಗೆ’ ಸಲ್ಲುತ್ತಿತ್ತು. ಒಂದು ಪದದ ಅವಸರದಲ್ಲಿ ಆಕೆಯ ವೃತ್ತಿಯೇ ಕೈತಪ್ಪಿಹೋಯಿತು.

ಎರಡನೆಯ ಉದಾಹರಣೆ ‘ಆಸ್ ವೈಟ್ ಆಸ್ ಮಿಲ್ಕ್’. ಇಲ್ಲಿ ‘ಹಾಲಿನಂತೆ ಬಿಳುಪು’ ಎಂದರೆ ತಪ್ಪೇನಿಲ್ಲ, ಆದರೆ ಆ ಜೋಡಿ ‘ಆಸ್’ ಅಳತೆಯ ಮಾತು. ‘ಹಾಲಿನಷ್ಟು ಬಿಳುಪು’ ಎಂದಾಗ ಮಾತ್ರ ಅಳತೆ ಕನ್ನಡಕ್ಕೆ ಬರುತ್ತದೆ. ಈ ಪದಗಳ ಹುಟ್ಟನ್ನು ಹುಡುಕಿದ್ದರೆ ತಮಗೇ ದಾರಿ ಕಾಣುತ್ತಿತ್ತು. ‘ಲೈಕ್’ ಪದದ ಬೇರಿನಲ್ಲಿರುವುದು ದೇಹ, ಆಕಾರ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ. ಒಂದೇ ಆಕಾರವುಳ್ಳದ್ದು ಎಂಬುದರಿಂದ ‘ಹಾಗಿರುವುದು’ ಎಂಬ ಅರ್ಥ ಬೆಳೆಯಿತು. (ಇಷ್ಟಪಡು ಎಂಬರ್ಥದ ‘ಲೈಕ್’ಗೂ ಇದಕ್ಕೂ ಸಂಬಂಧವಿಲ್ಲವೆಂದು ತಾವು ಅಡಿಟಿಪ್ಪಣಿಯಲ್ಲಿ ಬರೆದದ್ದೂ ಸರಿಯಲ್ಲ, ಎರಡೂ ಒಂದೇ ಬೇರಿನವು.) ‘ಆಸ್’ ಎಂಬುದು ‘ಆಲ್ಸೋ’ ಸವೆದು ಉಳಿದ ತುಣುಕು, ಮೂಲದಲ್ಲಿ ‘ಪೂರ್ತಿ ಹಾಗೆಯೇ’ ಎಂದರ್ಥ. ಆಕಾರ ನೋಡಿ ಹೋಲಿಸುವ ಪದವೊಂದು, ಸರಿಸಮವೆಂದು ಹೇಳುವ ಪದವೊಂದು. ಇವನ್ನು ಒಂದೇ ಚೀಲಕ್ಕೆ ತುಂಬಬಾರದು.

ನಾನು ಇಷ್ಟು ಸಿಡಿಮಿಡಿಗೊಳ್ಳುವುದಕ್ಕೆ ಒಂದು ಹಳೆಯ ಕಾರಣವಿದೆ. ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ಪುಟ್ಟ ಜೀವನಚರಿತ್ರೆಯನ್ನು ಅನುವಾದಿಸಲು ಕೊಟ್ಟಿದ್ದರು. ಅದರಲ್ಲಿ ‘ಆಸ್ ಎ ಟೀಚರ್’ ಎಂದು ತೊಡಗುವ ವಾಕ್ಯವನ್ನು ನಾನು ‘ಅಧ್ಯಾಪಕರ ಹಾಗೆ ಅವರು ಬಹಳ ಕಟ್ಟುನಿಟ್ಟು’ ಎಂದು ಬರೆದು, ಓಟ ಚೆನ್ನಾಗಿದೆಯೆಂದು ಹಿಗ್ಗಿದ್ದೆ. ಹಿರಿಯ ಸಂಪಾದಕರು ಕೆಂಪು ಪೆನ್ಸಿಲನ್ನು ಆ ‘ಹಾಗೆ’ಯ ಮೇಲೆ ಊರಿ, ತಲೆಯೆತ್ತದೆ, ‘ಹಾಗಾದರೆ ಇವರು ಅಧ್ಯಾಪಕರಲ್ಲವೇನಪ್ಪಾ?’ ಎಂದು ಕೇಳಿದರು. ಮೂವತ್ತು ವರ್ಷ ಪಾಠ ಹೇಳಿದವರ ಚರಿತ್ರೆಯದು. ಅಂದು ಇಡೀ ಹಸ್ತಪ್ರತಿಯಲ್ಲಿದ್ದ ‘ಹಾಗೆ’ಗಳನ್ನೆಲ್ಲ ಒಂದೊಂದಾಗಿ ಹುಡುಕಿ ವಿಚಾರಿಸಿದೆ, ಅರ್ಧಕ್ಕರ್ಧ ಸುಳ್ಳು ಸಾಕ್ಷಿ ಹೇಳುತ್ತಿದ್ದವು.

ಇನ್ನು ‘ಆಸ್ ಇಫ್’. ‘ಹಿ ಆಕ್ಟ್ಸ್ ಆಸ್ ಇಫ್ ಹಿ ವರ್ ದಿ ಓನರ್’ ಎಂಬುದಕ್ಕೆ ತಮ್ಮ ಕನ್ನಡ ‘ವರ್ತನೆ ನೋಡಿದರೆ ಅವನು ಮನೆಯ ಒಡೆಯನಂತೆ’ ಎಂದಿದೆ. ‘ಒಡೆಯನಂತೆ’ ಎಂದು ವಾಕ್ಯ ಮುಗಿದೊಡನೆ ಅದು ಹೋಲಿಕೆಯಾಗಿ ಉಳಿಯದೆ ವದಂತಿಯಾಗುತ್ತದೆ: ಅವನೇ ಒಡೆಯನೆಂದು ಜನ ಹೇಳುತ್ತಾರಂತೆ! ನಮ್ಮ ‘ಅಂತೆ’ಗೆ ಹೀಗೆ ಎರಡು ನಾಲಿಗೆಗಳಿರುವುದನ್ನು ಮರೆತವರು ಅದನ್ನು ವಾಕ್ಯದ ಕೊನೆಯಲ್ಲಿ ನಿಲ್ಲಿಸಬಾರದು. ಇಂಗ್ಲಿಷಿನಲ್ಲಿ ‘ವಾಸ್’ ಬರಬೇಕಾದಲ್ಲಿ ‘ವರ್’ ಬಂದು, ಅವನು ಒಡೆಯನಲ್ಲ ಎಂಬುದನ್ನು ಮೆಲ್ಲಗೆ ತಿಳಿಸುತ್ತಿದೆ. ಅದನ್ನು ಉಳಿಸಿಕೊಳ್ಳಲು ‘ತಾನೇ ಒಡೆಯನೇನೋ ಎಂಬಂತೆ ವರ್ತಿಸುತ್ತಾನೆ’ ಎನ್ನಬೇಕು. ಆ ‘ಏನೋ’ ಇಲ್ಲಿ ‘ವರ್’ನ ಕೆಲಸ ಮಾಡುತ್ತದೆ. ಒಂದನ್ನು ಇನ್ನೊಂದೆಂದೇ ಕಲ್ಪಿಸಿ ಹೇಳುವ ಈ ಬಗೆಗೆ ನಮ್ಮ ಅಲಂಕಾರಶಾಸ್ತ್ರ ಉತ್ಪ್ರೇಕ್ಷೆಯೆಂಬ ಬೇರೆ ಹೆಸರನ್ನೇ ಕೊಟ್ಟಿರುವಾಗ ತಾವು ಅದನ್ನೂ ಉಪಮೆಯ ಸಾಲಿಗೆ ಸೇರಿಸಿದ್ದೀರಿ. 9ನೆಯ ಶತಮಾನದ ಕವಿರಾಜಮಾರ್ಗದ ಮೂರನೆಯ ಪರಿಚ್ಛೇದ ಅರ್ಥಾಲಂಕಾರಗಳಿಗೇ ಮೀಸಲಾಗಿದೆ. ಹೋಲಿಕೆಯನ್ನು ಬಿಡಿಸಿ ನೋಡುವ ಕಣ್ಣು ನಮಗೆ ಇಂಗ್ಲಿಷಿನಿಂದ ಬರಬೇಕಾಗಿರಲಿಲ್ಲ.

ನನ್ನನ್ನು ಕೆರಳಿಸಿದ ಎರಡನೆಯ ಸಂಗತಿ ಷೇಕ್ಸ್‌ಪಿಯರನ ಸಾಲು. 1609ರಲ್ಲಿ ಅಚ್ಚಾದ ಸುನೀತಗಳಲ್ಲಿ 18ನೆಯದರ ಮೊದಲ ಸಾಲನ್ನು ತಾವು ನೆನಪಿನಿಂದ ಬರೆದು, ‘ಕಂಪೇರ್ ಟು’ ಇದ್ದಲ್ಲಿ ‘ಕಂಪೇರ್ ವಿತ್’ ಎಂದಿದ್ದೀರಿ. ಹೋಲಿಕೆಯ ಪದಗಳನ್ನೇ ಕುರಿತ ಲೇಖನದಲ್ಲಿ ಈ ತಪ್ಪನ್ನು ಕ್ಷಮಿಸುವುದು ಕಷ್ಟ. ಎಚ್ಚರದಿಂದ ಬರೆಯುವವರಲ್ಲಿ ‘ಟು’ ಎಂದರೆ ಇದು ಅದರ ಹಾಗಿದೆ ಎನ್ನುವುದು. ‘ವಿತ್’ ಎಂದರೆ ಎರಡನ್ನೂ ಎದುರುಬದುರು ಇಟ್ಟು ಸಾಮ್ಯ, ಭೇದ ಎರಡನ್ನೂ ಎಣಿಸುವುದು. ಕನ್ನಡದಲ್ಲಿ ಇದನ್ನು ವಿಭಕ್ತಿಯೇ ಹೇಳುತ್ತದೆ: ಮುಖವನ್ನು ಚಂದ್ರನಿಗೆ ಹೋಲಿಸುತ್ತೇವೆ, ಒಂದು ಪಾಠವನ್ನು ಇನ್ನೊಂದರೊಡನೆ ಹೋಲಿಸಿ ನೋಡುತ್ತೇವೆ. ಕವಿ ಬೇಸಿಗೆಯ ದಿನಕ್ಕೆ ಹೋಲಿಸಲೇ ಎಂದು ಕೇಳಿ, ಮರುಸಾಲಿನಲ್ಲೇ ಆ ದಿನಕ್ಕಿಂತ ಪ್ರಿಯವ್ಯಕ್ತಿಯೇ ಸೊಗಸೆಂದು ಹೋಲಿಕೆಯನ್ನು ಬದಿಗೆ ತಳ್ಳುತ್ತಾನೆ. ಉಪಮಾನವನ್ನು ಉಪಮೇಯ ಮೀರುವ ಇದು ನಮ್ಮ ವ್ಯತಿರೇಕಾಲಂಕಾರ. ಮೊದಲ ಸಾಲಿನಲ್ಲೇ ‘ವಿತ್’ ಎಂದುಬಿಟ್ಟರೆ ತಿರುವು ಬರುವ ಮೊದಲೇ ಗುಟ್ಟು ಬಯಲಾಗುತ್ತದೆ.

ಉಪವಾಕ್ಯವೊಂದರ ಮೊದಲು ‘ಆಸ್’ ಬದಲು ‘ಲೈಕ್’ ಬಳಸುವುದು ಅಪರಾಧವೆಂದು ಮೂರು ಪ್ಯಾರಾಗಳಲ್ಲಿ ವಾದಿಸಿದ್ದೀರಿ. ಅಮೆರಿಕದಲ್ಲಿ 1954ರ ಸಿಗರೇಟು ಜಾಹೀರಾತೊಂದು ಹೀಗೆ ‘ಲೈಕ್’ ಬಳಸಿ ವ್ಯಾಕರಣನಿಷ್ಠರನ್ನು ರೇಗಿಸಿತ್ತು. ಆಡುಮಾತು ಮಾತ್ರ ಅವರ ಆಕ್ಷೇಪಕ್ಕೆ ಕಿವಿಗೊಡಲಿಲ್ಲ. ಆ ಮೂರು ಪ್ಯಾರಾಗಳನ್ನು ತೆಗೆದು, ಸಿಕ್ಕ ಜಾಗವನ್ನು ಮೇಲಿನ ಉದಾಹರಣೆಗಳಿಗೆ ಕೊಡಿ.

ಸಿಮಿಲರ್, ರಿಸೆಂಬಲ್, ಅನಾಲಜಿಗಳ ಭಾಗವನ್ನು ನಾನು ಮುಟ್ಟಿಲ್ಲ. ಮೂರನೆಯ ಪುಟವನ್ನು ಮಾತ್ರ ಹೊಸದಾಗಿ ಬರೆದು ಕಳುಹಿಸಿ. ಉಳಿದ ಪುಟಗಳು ನನ್ನ ಮೇಜಿನ ಮೇಲೆಯೇ ಇರುತ್ತವೆ.

ತಮ್ಮ ವಿಶ್ವಾಸಿ,
ಸಂಪಾದಕ