ಕಾರ್ಡ್ ಹೋಯ್ತಾ, ಕೇಬಲ್ ಹೋಯ್ತಾ?

ಈ ಸಲ ಬಂದ ಪತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ, ಅಂದರೆ ಸ್ಕ್ರೀನಿಗೆ ಚಿತ್ರ ಕಳಿಸುವ ಕಾರ್ಡಿನ ಗೋಳೇ ಜಾಸ್ತಿ. ಅದರಲ್ಲಿ ನಾಲ್ಕನ್ನು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನ ಡೆಸ್ಕ್‌ಟಾಪ್‌ಗೆ ನಾಲ್ಕು ವರ್ಷ. ಮಾಮೂಲಿ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಗೇಮ್ ಶುರು ಮಾಡಿ ಹತ್ತು ಹದಿನೈದು ನಿಮಿಷಕ್ಕೆ ಸ್ಕ್ರೀನ್ ಕಪ್ಪಾಗುತ್ತದೆ, ಕಾರ್ಡಿನ ಫ್ಯಾನ್ ಭರ್ರೋ ಅಂತ ತಿರುಗುತ್ತದೆ, ಗೇಮಿನ ಶಬ್ದ ಮಾತ್ರ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅದೇ ಡ್ರೈವರ್, ಮೂರು ಸಲ ತೆಗೆದು ಹಾಕಿದೆ. ರಿಪೇರಿಯವರು ಕ್ಯಾಬಿನೆಟ್ ಕೂಡ ಬಿಚ್ಚದೆ, ಕಾರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂದರು. ಕಾರ್ಡಿಗೆ 8 ಪಿನ್‌ನ ಎರಡು ಸಾಕೆಟ್ ಇವೆ, ಎರಡಕ್ಕೂ ಕರೆಂಟ್ ಒಂದೇ ಕೇಬಲ್‌ನಿಂದ ಹೋಗಿದೆ. ಹೊಸ ಕಾರ್ಡ್ ತಗೊಳ್ಳಲಾ?

ಉತ್ತರ: ಈಗಲೇ ಬೇಡ. ಕೊನೆಗೆ ಸುಮ್ನೆ ಬರೆದಿರುವ ಆ ಕೇಬಲ್ಲಿನ ವಿಷಯದ ಮೇಲೇ ನನಗೆ ಅನುಮಾನ.

ಶಬ್ದ ಬರುತ್ತಿದೆ ಅಂದರೆ ಕಂಪ್ಯೂಟರ್ ಇನ್ನೂ ಓಡುತ್ತಿದೆ, ಕಾರ್ಡ್ ಮಾತ್ರ ಕೈಬಿಟ್ಟಿದೆ ಅಂತ. ಗೇಮ್ ಆಡುವಾಗ ಮಾತ್ರ ಹೀಗಾಗುತ್ತಿದ್ದರೆ ಮೊದಲು ನೋಡಬೇಕಾದ್ದು ಎರಡು, ಕರೆಂಟ್ ಮತ್ತು ಬಿಸಿ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 8 ಪಿನ್‌ನ ಒಂದು ಸಾಕೆಟ್‌ನ ಲೆಕ್ಕ 150 ವ್ಯಾಟ್. ಎರಡಿದ್ದರೆ 300. ಆ 300ನ್ನೂ ನೀವು ಒಂದೇ ಕೇಬಲ್ಲಿನ ತಲೆಗೆ ಕಟ್ಟಿದ್ದೀರಿ. ಸಾಲದ್ದಕ್ಕೆ ಕಾರ್ಡ್ ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ, ಕೆಲವು ಮಿಲಿಸೆಕೆಂಡ್ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಎಳೆದು ಮತ್ತೆ ಇಳಿಯುತ್ತದೆ. ಆ ಗಳಿಗೆಯಲ್ಲಿ ವೋಲ್ಟೇಜ್ ಕುಸಿದರೆ ಸ್ಕ್ರೀನ್ ಕಪ್ಪು.

ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆಲ್ಲ ಕರೆಂಟ್ ಹಂಚುವ ಡಬ್ಬಿ, ಅದರಿಂದ ಎರಡು ಬೇರೆ ಬೇರೆ ಕೇಬಲ್ ಎಳೆದು ಕೊಡಿ. ಆದರೆ ಅದರ ಜೊತೆ ಬಂದ ಕೇಬಲ್ಲೇ ಆಗಿರಲಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ನೋಡೋಕೆ ಒಂದೇ ಥರ ಇರುತ್ತದೆ, ಸಲೀಸಾಗಿ ಕೂತೂ ಬಿಡುತ್ತದೆ, ಒಳಗೆ ಪಿನ್‌ಗಳ ಕ್ರಮ ಬೇರೆ ಇದ್ದರೆ ಚೆನ್ನಾಗಿದ್ದ ಕಾರ್ಡನ್ನೇ ಸುಟ್ಟು ಹಾಕುತ್ತದೆ. ಚುಚ್ಚುವಾಗ ಕ್ಲಿಪ್ ಟಕ್ ಅನ್ನಬೇಕು. ನಾನೇ ಒಮ್ಮೆ ಎರಡು ದಿನ ಡ್ರೈವರ್ ಬದಲಿಸುತ್ತಾ ಕೂತಿದ್ದೆ. ಕೊನೆಗೆ ಮೊಬೈಲ್ ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಉಗುರಿನ ಅಂಚು ಹೋಗುವಷ್ಟು ಸಂದು, ಕ್ಲಿಪ್ ಕೊಕ್ಕೆಗೆ ಸಿಕ್ಕೇ ಇರಲಿಲ್ಲ. ಹೆಬ್ಬೆರಳಲ್ಲಿ ಒತ್ತಿದೆ, ಮುಗೀತು.

ಕೇಬಲ್ ಬದಲಿಸಿದರೂ ಹೋಗದಿದ್ದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಪವರ್ ಲಿಮಿಟ್, ಅಂದರೆ ಕಾರ್ಡ್ ಎಳೆಯುವ ಕರೆಂಟಿನ ಮಿತಿಯನ್ನು ಶೇಕಡಾ 70ಕ್ಕೆ ಇಳಿಸಿ ಅದೇ ಗೇಮ್ ಆಡಿ. ಆಟ ಸ್ವಲ್ಪ ನಿಧಾನ ಆಗುತ್ತದೆ, ಆಗಲಿ. ಗಂಟೆಗಟ್ಟಲೆ ಆಡಿದರೂ ಕಪ್ಪಾಗದಿದ್ದರೆ ತೊಂದರೆ ಕರೆಂಟಿನದು ಇಲ್ಲವೇ ಬಿಸಿಯದು. ಯಾವುದು ಅಂತ ತಿಳಿಯೋಕೆ ಕಾರ್ಡಿನ ತಾಪ ತೋರಿಸುವ ಜಿಪಿಯು-ಜೆಡ್ ಸಾಫ್ಟ್‌ವೇರ್‌ನ ಸೆನ್ಸರ್ ಪುಟದಲ್ಲಿ ಲಾಗ್ ಟು ಫೈಲ್ ಅನ್ನುವುದಕ್ಕೆ ಟಿಕ್ ಹಾಕಿ, ಪವರ್ ಲಿಮಿಟ್ ಮೊದಲಿನಂತೆ ಮಾಡಿ ಆಡಿ. ಕಪ್ಪಾದ ಮೇಲೆ ರೀಸ್ಟಾರ್ಟ್ ಮಾಡಿ ಆ ಫೈಲಿನ ಕೊನೆಯ ಸಾಲು ಓದಿ. 70–80 ಡಿಗ್ರಿ ಇದ್ದರೆ ಬಿಸಿ ಕಾರಣ ಇರಲಿಕ್ಕಿಲ್ಲ. ಆದರೆ ಹಾಟ್‌ಸ್ಪಾಟ್ ಅಂತ, ಅಂದರೆ ಚಿಪ್ಪಿನ ಅತಿ ಬಿಸಿ ಜಾಗದ್ದು, ಇನ್ನೊಂದು ಅಂಕಿ ಇದ್ದರೆ ಅದನ್ನೂ ನೋಡಿ, ಮಾಮೂಲಿ ತಾಪಕ್ಕಿಂತ 10–15 ಡಿಗ್ರಿ ಜಾಸ್ತಿ ಇರುವುದು ಸಹಜ, 30 ಜಾಸ್ತಿ ಇದ್ದರೆ ಚಿಪ್ಪಿನ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಬಿಸಿಯ ಸುಳಿವೇ ಇಲ್ಲದಿದ್ದರೆ ಯಾರದ್ದಾದರೂ ಒಳ್ಳೆ ಎಸ್‌ಎಂಪಿಎಸ್ ಅನ್ನು ಅದರದ್ದೇ ಕೇಬಲ್‌ಗಳ ಸಮೇತ ಒಂದು ದಿನಕ್ಕೆ ಕೇಳಿ ತಂದು ಹಾಕಿ ನೋಡಿ. ಅದರಲ್ಲೂ ಕಪ್ಪಾದರೆ ಆಮೇಲೆ ಕಾರ್ಡನ್ನು ಬೈಯಿರಿ.

ಪ್ರಶ್ನೆ: ಸ್ಕ್ರೀನ್ ಮೇಲೆ ಬಣ್ಣಬಣ್ಣದ ಚುಕ್ಕೆ, ಅಡ್ಡಗೆರೆ. ಮಾನಿಟರ್ ಕೆಟ್ಟಿದೆಯೋ ಕಾರ್ಡ್ ಕೆಟ್ಟಿದೆಯೋ ಗೊತ್ತಾಗುತ್ತಿಲ್ಲ. ಕಾರ್ಡನ್ನು ಓವನ್‌ನಲ್ಲಿಟ್ಟು ಬಿಸಿ ಮಾಡಿದರೆ ಸರಿ ಹೋಗುತ್ತದಂತೆ, ಹೌದಾ?

ಉತ್ತರ: ಓವನ್ ಅಡುಗೆಗೇ ಇರಲಿ. ಬಿಸಿಗೆ ಚಿಪ್ಪಿನ ಕೆಳಗಿನ ಸಂಪರ್ಕ ಕೆಲವೊಮ್ಮೆ ತಾತ್ಕಾಲಿಕವಾಗಿ ಕೂಡಿಕೊಂಡು ಕಾರ್ಡ್ ಸ್ವಲ್ಪ ದಿನ ಓಡಬಹುದು, ಆಮೇಲೆ ಮತ್ತೆ ಅದೇ ಕಥೆ. ಪ್ಲಾಸ್ಟಿಕ್ ಕರಗಿ, ಕೆಟ್ಟ ಹೊಗೆ ಅಡುಗೆಯ ಓವನ್ನಿಗೆಲ್ಲ ಮೆತ್ತಿಕೊಳ್ಳುವುದು ಬೇರೆ.

ಮಾನಿಟರೋ ಕಾರ್ಡೋ ಅನ್ನುವುದಕ್ಕೆ ಸುಲಭದ ದಾರಿ ಇದೆ. ಗೆರೆ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿಕೊಂಡು ನೋಡಿ. ಸ್ಕ್ರೀನ್‌ಶಾಟ್ ಚಿತ್ರ ಕಾರ್ಡಿನ ಕಡೆಯಿಂದಲೇ ಬರುವುದು, ಮಾನಿಟರಿನವರೆಗೆ ಹೋಗಿ ಬರುವುದಿಲ್ಲ. ಹಾಗಾಗಿ ಮೊಬೈಲಿನಲ್ಲೂ ಗೆರೆ ಇದ್ದರೆ ತೊಂದರೆ ಕಾರ್ಡಿನದು ಇಲ್ಲವೇ ಡ್ರೈವರಿನದು. ಮೊಬೈಲಿನಲ್ಲಿ ಚೆನ್ನಾಗಿ ಕಂಡರೆ ಹೆಚ್ಚಾಗಿ ಕೇಬಲ್ ಇಲ್ಲವೇ ಮಾನಿಟರ್, ಕಾರ್ಡಿನ ಹಿಂದಿನ ಆ ಒಂದು ಪೋರ್ಟ್ ಕೆಟ್ಟಿರುವುದೂ ಉಂಟು. ಕೇಬಲ್ ಬದಲಿಸಿ, ಇನ್ನೊಂದು ಪೋರ್ಟಿಗೆ ಹಾಕಿ, ಗೊತ್ತಾಗುತ್ತೆ.

ಡ್ರೈವರಾ ಕಾರ್ಡಾ ಅಂತ ತಿಳಿಯೋಕೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬಯಾಸ್‌ಗೆ, ಅಂದರೆ ಮದರ್‌ಬೋರ್ಡಿನದ್ದೇ ಸೆಟ್ಟಿಂಗ್ ಪುಟಕ್ಕೆ ಹೋಗಿ. ಅಲ್ಲಿ ವಿಂಡೋಸ್ ಇಲ್ಲ, ಡ್ರೈವರೂ ಇಲ್ಲ. ಅಲ್ಲೂ ಚುಕ್ಕೆ ಕಂಡರೆ ಹೆಚ್ಚಾಗಿ ಕಾರ್ಡಿನ ಮೆಮೊರಿ ಚಿಪ್ಪೋ ಅದರ ಬೆಸುಗೆಯೋ ಹೋಗಿರುತ್ತದೆ. ಮನೆಯಲ್ಲಿ ಮಾಡುವಂಥ ಕೆಲಸ ಅಲ್ಲ ಅದು, ವಾರಂಟಿ ಇದ್ದರೆ ಒಂದು ಸ್ಕ್ರೂ ಕೂಡ ಮುಟ್ಟದೆ ವಾಪಸ್ ಕಳಿಸಿ. ಬಯಾಸ್‌ನಲ್ಲಿ ಚೆನ್ನಾಗಿದ್ದರೆ ವಿಂಡೋಸ್ ಅನ್ನು ಸೇಫ್ ಮೋಡ್‌ನಲ್ಲಿ ತೆರೆದು ಡಿಡಿಯು ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಿಂದ ಹಳೇ ಡ್ರೈವರ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಹಾಗೇ ಕಾರ್ಡ್ ಅಥವಾ ಅದರ ಮೆಮೊರಿಯನ್ನು ನೀವೇ ಓವರ್‌ಕ್ಲಾಕ್ ಮಾಡಿ, ಅಂದರೆ ನಿಗದಿಗಿಂತ ಜಾಸ್ತಿ ವೇಗಕ್ಕೆ ಏರಿಸಿ ಮರೆತಿದ್ದರೆ, ದಯವಿಟ್ಟು ಮೊದಲು ಅದನ್ನು ತೆಗೆಯಿರಿ. ಎಷ್ಟೋ ಜನ ಇದೊಂದನ್ನು ಬರೆಯೋದೇ ಇಲ್ಲ.

ಪ್ರಶ್ನೆ: ಹೊಸ ಕಾರ್ಡ್. ವಿಂಡೋಸ್‌ನಲ್ಲಿ ಸುಮ್ನೆ ಇರುವಾಗ ಫ್ಯಾನ್ ತಿರುಗುವುದೇ ಇಲ್ಲ. ಕೆಟ್ಟ ಪೀಸ್ ಬಂತಾ?

ಉತ್ತರ: ಇಲ್ಲ. ಕಾರ್ಡ್ ತಣ್ಣಗಿರುವಾಗ ಫ್ಯಾನ್ ನಿಲ್ಲಿಸುವ ಏರ್ಪಾಡು ಈಗಿನ ಹೆಚ್ಚಿನ ಕಾರ್ಡುಗಳಲ್ಲಿದೆ. ಸುಮಾರು 50–60 ಡಿಗ್ರಿ ಆದಾಗ ತಾನಾಗೇ ಶುರುವಾಗುತ್ತದೆ. ಗೇಮ್ ಆಡುವಾಗಲೂ ತಿರುಗದಿದ್ದರೆ ಬರೆಯಿರಿ.

ಪ್ರಶ್ನೆ: ಧೂಳು ಹೊಡೆಯೋಣ ಅಂತ ಕಾರ್ಡ್ ಬಿಚ್ಚಿ ಮತ್ತೆ ಹಾಕಿದೆ. ಈಗ ಕಂಪ್ಯೂಟರ್ ಆನ್ ಆಗುತ್ತದೆ, ಮಾನಿಟರಿನಲ್ಲಿ ನೋ ಸಿಗ್ನಲ್ ಅಂತ ಬರುತ್ತದೆ. ಕೈಯಾರೆ ಹಾಳು ಮಾಡಿಕೊಂಡೆ ಅನ್ನಿಸುತ್ತಿದೆ.

ಉತ್ತರ: ಗಾಬರಿ ಬೇಡ, ಬಿಚ್ಚಿ ಹಾಕಿದ ಮೇಲೆ ಹೀಗಾದರೆ ಬಹುತೇಕ ಜೋಡಣೆಯ ತಪ್ಪೇ. ಮಾನಿಟರ್ ಕೇಬಲ್ ಎಲ್ಲಿಗೆ ಚುಚ್ಚಿದ್ದೀರಿ ನೋಡಿ. ಕ್ಯಾಬಿನೆಟ್ ಹಿಂದೆ ಯುಎಸ್‌ಬಿ ಪೋರ್ಟುಗಳ ಪಕ್ಕ ಇರುವುದು ಮದರ್‌ಬೋರ್ಡಿನ ಪೋರ್ಟ್. ಕಾರ್ಡಿನ ಪೋರ್ಟುಗಳು ಅದಕ್ಕಿಂತ ಕೆಳಗೆ, ಅಡ್ಡಸಾಲಿನಲ್ಲಿ ಇರುತ್ತವೆ. ಅಲ್ಲಿಗೆ ಹಾಕಬೇಕು.

ಅದು ಸರಿಯಿದ್ದರೆ ಕರೆಂಟ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕಾರ್ಡ್ ಮತ್ತೆ ಬಿಚ್ಚಿ. ಅದರ ಚಿನ್ನದ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ವಾಪಸ್ ಕೂರಿಸುವಾಗ ಸ್ಲಾಟಿನ ತುದಿಯ ಕೊಕ್ಕೆ ತಾನಾಗೇ ಮೇಲೆದ್ದು ಬೀಗ ಹಾಕಿಕೊಳ್ಳಬೇಕು, ನೀವು ಬೆರಳಲ್ಲಿ ಎತ್ತಿ ಕೂರಿಸಬೇಕಾಗಿ ಬಂದರೆ ಕಾರ್ಡ್ ಪೂರ್ತಿ ಇಳಿದಿಲ್ಲ ಅಂತಲೇ ಅರ್ಥ. ಪವರ್ ಕೇಬಲ್ ಮರೆಯಬೇಡಿ. ಕೈ ತಾಗಿ ರ‍್ಯಾಮ್ ಸಡಿಲ ಆಗಿರಬಹುದು, ಅದನ್ನೂ ಒತ್ತಿ ನೋಡಿ.

ಇಷ್ಟಾದರೂ ಬರಲಿಲ್ಲ ಅಂದರೆ ಕಾರ್ಡ್ ತೆಗೆದಿಟ್ಟು ಮದರ್‌ಬೋರ್ಡಿನ ಪೋರ್ಟಿಗೇ ಮಾನಿಟರ್ ಹಾಕಿ. ಚಿತ್ರ ಬಂದರೆ ಉಳಿದದ್ದೆಲ್ಲ ಚೆನ್ನಾಗಿದೆ, ಕಾರ್ಡನ್ನು ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಬೇಕು. ಆದರೆ ಮೊದಲು ಪ್ರೊಸೆಸರಿನ ಹೆಸರು ನೋಡಿಕೊಳ್ಳಿ. ಇಂಟೆಲ್‌ನ ಕೋರ್ ಐ5-12400ಎಫ್ ಥರ ಕೊನೆಯಲ್ಲಿ ಎಫ್ ಅಂತ ಇದ್ದರೆ ಅದರೊಳಗೆ ಗ್ರಾಫಿಕ್ಸೇ ಇಲ್ಲ, ಎಷ್ಟು ಹೊತ್ತು ಕಾದರೂ ಆ ಪೋರ್ಟಿನಲ್ಲಿ ಏನೂ ಬರುವುದಿಲ್ಲ.