ಗಾಂಜಾ ಬಿಡ್ರಿ, ಕುಲ್ಫಿ ಬರ್ಫ್ ಆಗಲಾರದಂಗ ಮಾಡೂದು ಹೇಳ್ತೀನಿ

ಮಾವಿನ ಹಣ್ಣಿನ ಕುಲ್ಫಿದಾಗ ಗಾಂಜಾ ಎಷ್ಟ ಹಾಕಬೇಕು, ಮ್ಯಾಲ ಬರ್ಫ್ ಯಾಕ ಕಟ್ತದ ಅಂತ ಕೇಳೀರಿ. ಮೊದಲನೇದಕ್ಕ ಅಳತಿ ನಾ ಹೇಳಂಗಿಲ್ಲ ರೀ. 1985ರ ಮಾದಕ ವಸ್ತು ಕಾಯ್ದಾದಾಗ ಗಾಂಜಾ 1 ಕೆಜಿ ಒಳಗ ಸಿಕ್ಕರೂ 1 ವರ್ಷದ ತನಕ ಜೈಲ್ ಅದ, ಮತ್ತ ತಿಂದಿದ್ದು ಏರ್ಲಿಕ್ಕೆ ಒಂದೆರಡು ತಾಸು ಹಿಡೀತದ, ಏನೂ ಆಗ್ಲಿಲ್ಲಲ್ಲಾ ಅಂತ ಇನ್ನೊಂದು ಕಡ್ಡಿ ತಿಂತಾರ, ಆಮ್ಯಾಲ ಎದಿ ಡಬಡಬ. ಫ್ರೀಜರ್‌ನಾಗ ಇಟ್ಟರ ಹುಡುಗ್ರು ಬರೇ ಕುಲ್ಫಿ ಅಂತ ತಿಳಕೊಂಡು ತಿಂದುಬಿಡ್ತಾರ ರೀ!

ಬರ್ಫ್ ಕಟ್ಟೂದು ನೀರಿನಿಂದ. ನಮ್ ಕಲಬುರಗಿ ಬಿಸಿಲಾಗ ನಾ ವರ್ಷಾ ಮಾಡ್ತೀನಿ, 1 ಲೀಟರ್ ಎಮ್ಮಿ ಹಾಲು ಸಣ್ಣ ಉರಿಮ್ಯಾಲ ಅರ್ಧಕ್ಕಿಂತ ಕಮ್ಮಿ ಆಗೂ ತನಕ ಕುದಸ್ರಿ, ಬದಿಗೆ ಹತ್ತಿದ ಕೆನಿ ಕೆರದು ಒಳಗ ಹಾಕ್ಕೋತ ಇರ್ರಿ. ಮಾವಿನ ರಸಾನೂ ಬ್ಯಾರೆ ಬೋಗುಣಿದಾಗ ಐದಾರು ನಿಮಿಷ ಬಾಡಸ್ರಿ, ನೀರು ಆರ್ತದ. ಎರಡೂ ಪೂರಾ ತಣ್ಣಗಾದ ಮ್ಯಾಲೇ ಕೂಡಸ್ರಿ, ಬಿಸಿ ಇದ್ದಾಗ ಹಾಕಿ ಒಂದ್ಸಲ ನಂದು ಹಾಲೆಲ್ಲಾ ಒಡದು ಹೋಗಿತ್ತು. ಸಕ್ರಿ ಭಾಳ ಕಮ್ಮಿ ಮಾಡಬ್ಯಾಡ್ರಿ, ಕಲ್ಲಾಗ್ತದ. ಅಚ್ಚಿನ ಮುಚ್ಚಳ ಬಿಗಿ ಇರ್ಲಿ, ಎಂಟು ತಾಸು ಫ್ರೀಜರ್‌ನಿಂದ ತಗೀಬ್ಯಾಡ್ರಿ.